ಬ್ರೇಕಕ್ಕ ಗಡಿ ದಾಟಿದ್ದು

ಆ ಬಡಾವಣೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಮನೆಯವರಿಗೆ ಮತ್ತು ಅಂಚೆಯವನಿಗೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಬ್ರೇಕಕ್ಕ. ಕಾರು ಕಲಿಸುವುದು ಅವಳ ಕಸುಬು. ಇದ್ದದ್ದು ಒಂದೇ ಒಂದು ಬಿಳಿ ಕಾರು. ಅದರ ನೆತ್ತಿಯ ಮೇಲೆ ಹಳದಿ ಬೋರ್ಡು. ಕಲಿಯುವವರು ಸ್ಟಿಯರಿಂಗ್ ಹಿಡಿದು ಕೂತರೆ ಪಕ್ಕದ ಸೀಟಿನಲ್ಲಿ ಅವಳು, ಅವಳ ಪಾದದ ಕೆಳಗೆ ಇನ್ನೊಂದು ಬ್ರೇಕು. ಆ ಎರಡನೆಯ ಬ್ರೇಕು ಎಷ್ಟು ಜನರ ಮೂಗು, ಹಲ್ಲು ಉಳಿಸಿತ್ತೋ ಯಾರೂ ಲೆಕ್ಕವಿಟ್ಟಿರಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು.

ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡನೋ ಅಣ್ಣನೋ ಕಲಿಸಲು ಹೋಗಿ, ಬೈದು, ಬೆವರಿ, ಕೊನೆಗೆ "ನಿನ್ನ ಕೈಲಿ ಆಗಲ್ಲ ಬಿಡು" ಎಂದು ಕೈತೊಳೆದುಕೊಂಡ ಮೇಲೆ ಇವಳ ಬಾಗಿಲಿಗೆ ಬಂದವರು. ಸ್ಟಿಯರಿಂಗ್ ಹಿಡಿದರೆ ಬೆರಳ ಗೆಣ್ಣು ಬೆಳ್ಳಗಾಗುತ್ತಿತ್ತು. ಎದುರಿಗೆ ಲಾರಿ ಬಂದರೆ ಕಣ್ಣೇ ಮುಚ್ಚಿಬಿಡುತ್ತಿದ್ದರು. ಬ್ರೇಕಕ್ಕ ಯಾರಿಗೂ ಬೈಯುತ್ತಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ನಿಧಾನ... ಹಾಂ, ಹಾಗೇ... ಕ್ಲಚ್ ಬಿಡಿ, ಬೆಕ್ಕಿನ ಮರೀನ ಕೆಳಗಿಳಿಸಿದ ಹಾಗೆ ಬಿಡಿ... ಲಾರಿಯವನು ಅವನ ಪಾಡಿಗೆ ಹೋಗ್ತಾನೆ, ನೀವು ನಿಮ್ಮ ಪಾಡಿಗೆ ಹೋಗಿ. ಹೆದರ್ಬೇಡಿ." ಕಲಿಸುವುದೆಂದರೆ ಮುಕ್ಕಾಲು ಪಾಲು ಮಾತು ಎಂಬುದು ಅವಳು ಅನುಭವದಿಂದ ಕಂಡುಕೊಂಡದ್ದು. ಮಾತು ಸರಿಯಾಗಿ ಕಿವಿಗೆ ಬಿದ್ದರೆ ಕೈಕಾಲು ತಾವಾಗಿಯೇ ಕೇಳುತ್ತವೆ.

ಒಬ್ಬರು ಲೈಸೆನ್ಸ್ ತೆಗೆದುಕೊಂಡರೆ ತಂಗಿಯನ್ನೋ ಪಕ್ಕದ ಮನೆಯವರನ್ನೋ ಕಳಿಸುತ್ತಿದ್ದರು. ಹೊಸಬರು ಕಾಯಬೇಕಾಗುತ್ತಿತ್ತು. ಇನ್ನೊಂದು ಕಾರು ತೆಗೆದುಕೊಳ್ಳುವ ಯೋಚನೆಯೂ ತಲೆಯಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಗಂಡನ ಗಿರಣಿ ಊರು ಬಿಡುವ ಸುದ್ದಿ ಬಂತು.

ಗಂಡ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಮೆಕ್ಯಾನಿಕ್. ಅಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಮನೆಯಲ್ಲಿ ಮಾತು ಕಮ್ಮಿ. ಇದ್ದ ಮಾತನ್ನೆಲ್ಲ ಮಗ್ಗಗಳ ಜೊತೆ ಆಡಿ ಮುಗಿಸಿ ಬರುತ್ತಾನೆ ಎಂದು ಅವನ ತಾಯಿ ಛೇಡಿಸುತ್ತಿದ್ದಳು. ಗಿರಣಿ ಹೋಗುತ್ತಿದ್ದದ್ದು ಪಕ್ಕದ ರಾಜ್ಯಕ್ಕೂ ಅಲ್ಲ, ಅದರಾಚೆಯ ರಾಜ್ಯಕ್ಕೆ. ಅಲ್ಲಿ ಜಾಗ ಅಗ್ಗ, ಕರೆಂಟು ಅಗ್ಗ. ಬರುವ ಕೆಲಸಗಾರರನ್ನು ಕರೆದುಕೊಂಡು ಹೋಗುತ್ತಾರೆ, ಬಾರದವರ ಲೆಕ್ಕ ಚುಕ್ತಾ ಮಾಡುತ್ತಾರೆ. ಯಂತ್ರಗಳನ್ನು ಬಿಚ್ಚಿ, ಸಾಗಿಸಿ, ಮತ್ತೆ ಕೂರಿಸಲು ಕೆಲವು ತಿಂಗಳು ಬೇಕು. ಅಷ್ಟರೊಳಗೆ ಹೇಳಬೇಕು.

ಆ ದಿನ ಮೇಸ್ತ್ರಿ ಕೈಕಾಲು ತೊಳೆದು ಬಂದು, ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದ: "ನಾನು ಬರಲ್ಲ ಅಂತ ಹೇಳಿಬಿಡ್ತೀನಿ. ನಿನ್ನ ಕೆಲಸ ಇಲ್ಲಿ ಚೆನ್ನಾಗಿ ನಡೀತಿದೆ. ನಾನು ಏನಾದ್ರೂ ಮಾಡ್ಕೋತೀನಿ."

"ಏನು ಮಾಡ್ಕೋತೀರಿ?"

"ಏನಾದ್ರೂ."

ಅತ್ತೆ ಮೂಲೆಯಿಂದ ನಕ್ಕಳು. "ಏನಾದ್ರೂ ಅನ್ನೋ ಕೆಲಸಕ್ಕೆ ಸಂಬಳ ಎಷ್ಟಂತೋ?"

ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದ.

ಆ ವಾರ ಬ್ರೇಕಕ್ಕನ ತಮ್ಮ ಬಂದ. ವಿಮಾ ಕಚೇರಿಯಲ್ಲಿ ಕೆಲಸ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಯಾವ ಅಪಾಯ ಎಲ್ಲಿಂದ ಬರಬಹುದು ಎಂದು ಹೇಳಿಬಿಡುವ ಸ್ವಭಾವ. ಟೀ ಲೋಟ ಕೈಗೆ ಬಂದದ್ದೇ ತಡ, ಶುರು ಹಚ್ಚಿಕೊಂಡ.

"ಅಕ್ಕಾ, ಸುಮ್ನೆ ಯೋಚನೆ ಮಾಡು. ಭಾಷೆ ಬರಲ್ಲ. ಬಾಡಿಗೆ ಎಷ್ಟೋ ಗೊತ್ತಿಲ್ಲ. ಮಗಳ ಓದು ಅರ್ಧಕ್ಕೆ ನಿಲ್ಲುತ್ತೆ. ಅಮ್ಮನಂಥ ವಯಸ್ಸಿನವರನ್ನ ಕಟ್ಕೊಂಡು ಹೋಗ್ಬೇಕು. ನಿನ್ನ ಕಾರಿಗೆ ಅಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಾಯಿಸ್ಬೇಕು. ಇಲ್ಲಿ ಸಂಪಾದಿಸಿದ ಹೆಸರಿದೆಯಲ್ಲ, ಅದನ್ನ ಟ್ರಕ್ಕಲ್ಲಿ ಹಾಕ್ಕೊಂಡು ಹೋಗೋಕಾಗುತ್ತಾ?"

"ನಂಗೇನು ಅಂಥ ವಯಸ್ಸಾಗಿದೆ?" ಎಂದಳು ಅತ್ತೆ.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಅಮ್ಮಾ. ಮಂಡಿ ನೋವು ಅಂತ ನೀವೇ ಹೇಳ್ತೀರಿ."

"ಮಂಡಿ ನನ್ನ ಜೊತೆಗೇ ಬರುತ್ತೆ. ಇಲ್ಲಿ ಬಿಟ್ಟು ಹೋಗೋಕಾಗಲ್ಲ."

ತಮ್ಮ ನಕ್ಕು, ಗಂಭೀರನಾಗಿ, ತನ್ನ ಉಪಾಯ ಹೇಳಿದ. ಭಾವ ಒಬ್ಬರೇ ಹೋಗಲಿ. ನಾಲ್ಕು ಜನ ಸೇರಿ ಒಂದು ರೂಮು ಮಾಡಿಕೊಳ್ಳಲಿ. ಎರಡು ತಿಂಗಳಿಗೊಮ್ಮೆ ಬಂದು ಹೋಗಲಿ. ಇಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ. ಎಷ್ಟು ಜನ ಹಾಗೆ ಮಾಡುತ್ತಿಲ್ಲ?

ಮೇಸ್ತ್ರಿಗೆ ಆ ಮಾತು ಸರಿ ಕಂಡಂತಿತ್ತು. ಅತ್ತೆಯೂ ತಲೆದೂಗಿದಳು. ಬ್ರೇಕಕ್ಕ ಮಾತ್ರ "ಅದೊಂದು ಬೇಡ" ಎಂದಳು. ಎಷ್ಟು ಗಟ್ಟಿಯಾಗಿ ಎಂದಳೆಂದರೆ ತಮ್ಮ ಟೀ ಲೋಟ ಕೆಳಗಿಟ್ಟ.

ಕಾರಣ ಅವನಿಗೂ ಗೊತ್ತಿರಬೇಕಿತ್ತು. ಆದರೆ ಅವನು ಆಗ ತೀರ ಚಿಕ್ಕವನು. ಅವರಿಬ್ಬರ ತಂದೆ ಅಣೆಕಟ್ಟೆ ಕಟ್ಟುವ ಕಂಪನಿಯಲ್ಲಿ ಕ್ರೇನ್ ನಡೆಸುತ್ತಿದ್ದರು. ಒಂದು ರಾಜ್ಯದಲ್ಲಿ ಕಟ್ಟೆ ಮುಗಿದರೆ ಇನ್ನೊಂದು ರಾಜ್ಯ. ಸಂಸಾರ ಮಾತ್ರ ಇದ್ದಲ್ಲೇ ಇತ್ತು. ಅಪ್ಪ ಬರುತ್ತಾರೆಂದರೆ ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಹೊದಿಕೆ ತೆಗೆಯುತ್ತಿದ್ದಳು, ಮಕ್ಕಳಿಗೆ ಒಗೆದ ಬಟ್ಟೆ ಹಾಕುತ್ತಿದ್ದಳು. ಅಪ್ಪ ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿ, ಯಾರಾದರೂ ತೆಗೆಯುವವರೆಗೆ ಹೊರಗೆ ನಿಲ್ಲುತ್ತಿದ್ದರು. ಕುಡಿಯುವ ನೀರಿನ ಲೋಟ ಎಲ್ಲಿದೆ ಎಂದು ಕೇಳುತ್ತಿದ್ದರು. ಅವರ ಮುಂದೆ ಯಾರೂ ಗಲಾಟೆ ಮಾಡುತ್ತಿರಲಿಲ್ಲ, ಯಾರೂ ಹಟ ಹಿಡಿಯುತ್ತಿರಲಿಲ್ಲ. ವಯಸ್ಸಾಗಿ ಕೆಲಸ ಬಿಟ್ಟು ಬಂದ ಮೇಲೂ ಅವರು ಹಾಗೆಯೇ ಉಳಿದರು: ಮರ್ಯಾದೆಯಿಂದ ಊಟ ಬಡಿಸಿಕೊಳ್ಳುವ, ಮರ್ಯಾದೆಯಿಂದ ಸಾಕು ಎನ್ನುವ ಒಬ್ಬ ನೆಂಟ. ಅವರು ತೀರಿಹೋದಾಗ ಬ್ರೇಕಕ್ಕನಿಗೆ ಅಳು ಬಂತು, ಆದರೆ ಯಾವುದನ್ನು ನೆನೆದು ಅಳಬೇಕೆಂದು ತಿಳಿಯಲಿಲ್ಲ. ಅಪ್ಪನ ಜೊತೆ ಒಂದು ಜಗಳದ ನೆನಪೂ ಅವಳ ಹತ್ತಿರ ಇರಲಿಲ್ಲ.

"ಎಲ್ಲಿದ್ರೂ ಒಂದೇ ಮನೆ. ಇಲ್ಲಾದ್ರೆ ಇಲ್ಲಿ, ಅಲ್ಲಾದ್ರೆ ಅಲ್ಲಿ. ಅರ್ಧ ಇಲ್ಲಿ ಅರ್ಧ ಅಲ್ಲಿ ಅನ್ನೋದು ಬೇಡ," ಎಂದಳು.

ಇಲ್ಲೇ ಎಂದು ಒಪ್ಪಿಕೊಂಡು ನೋಡಿದ್ದೂ ಆಯಿತು. ಗಿರಣಿ ನಿಂತ ತಿಂಗಳೇ ಮೇಸ್ತ್ರಿಗೆ ಒಂದು ದೊಡ್ಡ ಅಂಗಡಿ ಕಟ್ಟಡದಲ್ಲಿ ಕಾವಲಿನ ಕೆಲಸ ಸಿಕ್ಕಿತು. ಇಸ್ತ್ರಿ ಮಾಡಿದ ನೀಲಿ ಅಂಗಿ, ಭುಜದ ಮೇಲೆ ಪಟ್ಟಿ. "ಪೊಲೀಸಿನವರ ಹಾಗೆ ಕಾಣ್ತೀಯ" ಎಂದು ತಾಯಿ ಸಂತೋಷಪಟ್ಟಳು. ಒಂದು ದಿನ ಬ್ರೇಕಕ್ಕ ಕಲಿಯುವ ಹುಡುಗಿಯೊಬ್ಬಳನ್ನು ಆ ಬೀದಿಯಲ್ಲಿ ಕರೆದುಕೊಂಡು ಹೋಗುತ್ತಿದ್ದಾಗ ಸಿಗ್ನಲ್ ಬಿತ್ತು. ಕಿಟಕಿಯಾಚೆ ಗಂಡ ಕಂಡ. ಗಾಜಿನ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಕೈ ಮಂಡಿಯ ಮೇಲೆ. ಬಾಗಿಲು ತೆರೆದಾಗ ಏಳುತ್ತಿದ್ದ, ಮುಚ್ಚಿದಾಗ ಕೂರುತ್ತಿದ್ದ. ಒಮ್ಮೆ ಎದ್ದು ಬಾಗಿಲಿನ ಕೀಲನ್ನು ಬೆರಳಿನಿಂದ ಒತ್ತಿ ನೋಡಿದ, ಎಲ್ಲಿಂದಲೋ ಕಿರ್ ಎನ್ನುತ್ತಿರಬೇಕು. ಒಳಗಿನಿಂದ ಒಬ್ಬ ಬಂದು ಏನೋ ಅಂದ. ಮೇಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡು ಮತ್ತೆ ಕೂತ.

"ಅಕ್ಕಾ, ಹಸಿರು ಬಂತು, ಹೋಗಲಾ?" ಎಂದು ಹುಡುಗಿ ಕೇಳಿದಾಗಲೇ ಬ್ರೇಕಕ್ಕನಿಗೆ ತನ್ನ ಕಾಲು ಬ್ರೇಕಿನ ಮೇಲೇ ಇದೆ ಎಂದು ಗೊತ್ತಾದದ್ದು.

ಆ ಸಂಜೆ ಗಂಡನಿಗೆ ಹೇಳಿದಳು: "ನಾಲ್ಕು ದಿನ ರಜ ಹಾಕಿ. ಗಿರಣಿಯವರಿಗೆ ಹೇಳೋ ಗಡುವು ಇನ್ನೂ ಮುಗಿದಿಲ್ಲ. ಇಬ್ರೂ ಹೋಗಿ ಆ ಊರು ನೋಡ್ಕೊಂಡು ಬರೋಣ. ನೋಡದೆ ಹೆದರೋದೂ ಬೇಡ, ನೋಡದೆ ಕುಣಿಯೋದೂ ಬೇಡ."

ಹೋದರು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಇಳಿದ ಕೂಡಲೇ ಅಂಗಡಿಗಳ ಬೋರ್ಡುಗಳೆಲ್ಲ ಅವಳಿಗೆ ಬರೀ ಚಿತ್ರಗಳಾದವು. ರೊಟ್ಟಿಯ ಚಿತ್ರ ಇದ್ದರೆ ಬೇಕರಿ, ಕತ್ತರಿಯ ಚಿತ್ರ ಇದ್ದರೆ ಕ್ಷೌರದಂಗಡಿ ಎಂದು ತಿಳಿಯಬೇಕು. ಉಳಿದುಕೊಂಡ ಕೋಣೆಯ ನಲ್ಲಿಯಲ್ಲಿ ಬಂದದ್ದು ಉಪ್ಪು ನೀರು. ಸೋಪು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಬಾಡಿಗೆ ಮನೆಗಳನ್ನು ನೋಡಿದರು. ಕೈಗೆಟಕುವವೆಲ್ಲ ಮೇಲಂತಸ್ತಿನವು, ಮೆಟ್ಟಿಲು ಕಡಿದು. ನೆಲಮಟ್ಟದ್ದು ಬೇಕೆಂದರೆ ಕೋಣೆ ಒಂದು ಕಮ್ಮಿ, ಬಾಡಿಗೆ ಜಾಸ್ತಿ. ಶಾಲೆಯಲ್ಲಿ ವಿಚಾರಿಸಿದರೆ, ಮಗಳು ಇಲ್ಲಿಯ ಭಾಷೆಯನ್ನು ಒಂದು ವಿಷಯವಾಗಿ ಓದಲೇಬೇಕು, ಅಕ್ಷರದಿಂದ ಶುರು ಮಾಡಬೇಕು. ಸಾರಿಗೆ ಕಚೇರಿಯಲ್ಲಿ ಕಿಟಕಿಯಾಚೆ ಕೂತಿದ್ದವನು ಅರ್ಧ ಭಾಷೆ ಅರ್ಧ ಸನ್ನೆಯಲ್ಲಿ ತಿಳಿಸಿದ: ಕಾರು ಓಡಿಸುವ ಲೈಸೆನ್ಸ್ ಇಲ್ಲೂ ನಡೆಯುತ್ತದೆ, ಕಲಿಸುವ ಪರವಾನಗಿ ನಡೆಯುವುದಿಲ್ಲ. ಅದನ್ನು ಹೊಸದಾಗಿ ತೆಗೆದುಕೊಳ್ಳಬೇಕು, ಅದಕ್ಕೆ ಪರೀಕ್ಷೆ ಇದೆ. ಕಾರಿಗೆ ಹಳೆಯ ರಾಜ್ಯದಿಂದ ಒಪ್ಪಿಗೆ ಪತ್ರ ತರಬೇಕು, ತೆರಿಗೆ ಮತ್ತೆ ಕಟ್ಟಬೇಕು, ಹೊಸ ನಂಬರು ಬರೆಸಬೇಕು. ತಮ್ಮ ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಅವನು ಹೇಳದೆ ಬಿಟ್ಟದ್ದೂ ಕೆಲವಿದ್ದವು.

ಮಾರನೆಯ ದಿನ ಗಂಡ ಹೊಸ ಗಿರಣಿ ನೋಡಲು ಹೋದಾಗ ಅವಳು ಒಂದು ನಾಲ್ಕು ರಸ್ತೆ ಸೇರುವ ಕಡೆ ಪೆಟ್ಟಿಗೆ ಅಂಗಡಿಯ ನೆರಳಲ್ಲಿ ನಿಂತಳು. ಗಾಡಿಗಳನ್ನು ನೋಡುವುದೇ ಕೆಲಸ. ಸ್ಕೂಟರಿನ ಮೇಲೆ ಹೆಂಗಸರು ಬೇಕಾದಷ್ಟು. ಕಾರುಗಳಲ್ಲೂ ಇದ್ದರು, ಆದರೆ ಬಹಳ ಜನ ಪಕ್ಕದ ಸೀಟಿನಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರುಗಳೂ ಹೋದವು. ಕಲಿಸುವವರೆಲ್ಲ ಗಂಡಸರು, ಅದರಲ್ಲೊಬ್ಬ ಕಿಟಕಿ ಇಳಿಸಿಕೊಂಡು ಬೈಯುತ್ತಲೇ ಹೋದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಇಲ್ಲಿ ನನಗೆ ಕೆಲಸವಿದೆ ಎಂದುಕೊಂಡಳು. ತಕ್ಷಣ ಸಿಗಲಿಕ್ಕಿಲ್ಲ, ಆದರೆ ಇದೆ.

ಆಮೇಲೆ ಗಿರಣಿಗೆ ಹೋದಳು. ಗೋಡೆಗೆ ಇನ್ನೂ ಗಾರೆ ಮೆತ್ತದ ಉದ್ದನೆಯ ಶೆಡ್ಡು. ಅರ್ಧ ಬಿಚ್ಚಿದ ಮರದ ಪೆಟ್ಟಿಗೆಗಳ ನಡುವೆ ಮೇಸ್ತ್ರಿ ಮಂಡಿಯೂರಿ ಕೂತು, ಇಬ್ಬರು ಸ್ಥಳೀಯ ಫಿಟ್ಟರುಗಳಿಗೆ ಏನೋ ತೋರಿಸುತ್ತಿದ್ದ. ಅವರಿಗೆ ಇವನ ಮಾತು ಬಾರದು, ಇವನಿಗೆ ಅವರದು ಬಾರದು. ಮೂವರೂ ಜೋರಾಗಿ ಮಾತಾಡುತ್ತಿದ್ದರು, ಮೂವರೂ ನಗುತ್ತಿದ್ದರು. ಗಂಡ ಇಷ್ಟೊಂದು ಮಾತಾಡುವುದನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅವನ ಮೊಣಕೈವರೆಗೆ ಎಣ್ಣೆ ಬಳಿದಿತ್ತು. ಅವಳನ್ನು ಕಂಡು ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ. "ಇರಲಿ ಬಿಡಿ, ಮುಗಿಸಿ ಬನ್ನಿ," ಎಂದು ಅವಳು ಹೊರಗೆ ಹೋಗಿ ಕಲ್ಲಿನ ಮೇಲೆ ಕೂತಳು. ಅಲ್ಲಿ ಕೂತೇ ತೀರ್ಮಾನ ಮಾಡಿದಳು.

ಮನೆಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಮೊದಲು ಕೆಟ್ಟದ್ದನ್ನೇ ಹೇಳಿದಳು. ನೀರು ಉಪ್ಪು. ಮನೆ ಚಿಕ್ಕದು. ಅಕ್ಷರ ಬೇರೆ. ನನಗೆ ಎಷ್ಟು ತಿಂಗಳು ಕೆಲಸ ಇರುವುದಿಲ್ಲವೋ ಗೊತ್ತಿಲ್ಲ. ಕೂಡಿಟ್ಟದ್ದರಲ್ಲಿ ಅರ್ಧ ಕರಗಬಹುದು. ಎರಡನೆಯ ಕಾರಿನ ಮಾತು ಸದ್ಯಕ್ಕಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಹೋಗೋಣ ಅಂತೀನಿ.

ಮೇಸ್ತ್ರಿ ನೆಲ ನೋಡುತ್ತಾ, "ನನಗೋಸ್ಕರ ನೀನು ಇಷ್ಟೆಲ್ಲ ಕಳ್ಕೋಬೇಡ," ಎಂದ.

"ನಿಮಗೋಸ್ಕರ ಅಂತ ಯಾರು ಹೇಳಿದ್ರು? ಸ್ಟೂಲ್ ಮೇಲೆ ಕೂತಿರೋ ಗಂಡನ್ನ ದಿನಾ ನೋಡೋಕೆ ನನಗಾಗಲ್ಲ. ನನ್ನ ಕಣ್ಣಿಗೋಸ್ಕರ ಹೋಗ್ತಿರೋದು."

ಮಗಳು ಗೋಡೆಗೆ ಒರಗಿ ನಿಂತಿದ್ದಳು. ಒಂಬತ್ತನೆಯ ತರಗತಿ; ಶಾಲೆಯ ವಾಲಿಬಾಲ್ ತಂಡದಲ್ಲಿ ಇವಳು ಚೆಂಡು ಎತ್ತಿಕೊಟ್ಟರೇ ಮಿಕ್ಕವರು ಹೊಡೆಯುವುದು. ಮುಖ ಕೆಂಪಗಾಗಿತ್ತು. "ನನ್ನ ಯಾರಾದ್ರೂ ಕೇಳಿದ್ರಾ?"

"ಈಗ ಕೇಳ್ತಿದ್ದೀನಿ."

"ಬೇಡ ಅಂದ್ರೆ?"

ಬ್ರೇಕಕ್ಕ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬೇಡ ಅಂದ್ರೂ ಹೋಗ್ತೀವಿ, ಚಿನ್ನಿ. ನಿನಗೆ ಬೇಜಾರಾಗುತ್ತೆ ಅಂತ ಗೊತ್ತು. ಬೇಜಾರು ಮಾಡ್ಕೋ. ನನ್ನ ಮೇಲೆ ಸಿಟ್ಟು ಮಾಡ್ಕೋ. ಅದನ್ನ ನಾನು ಹೊಟ್ಟೆಗೆ ಹಾಕ್ಕೋತೀನಿ."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ, "ಅಲ್ಲಿ ಪಕ್ಕದ ಮನೆಯವರು ಮಾತಾಡ್ತಾರಾ?" ಎಂದು ಕೇಳಿದಳು. ಕಾಂಪೌಂಡಿನ ಗೋಡೆಯ ಆಚೆ ಈಚೆ ನಿಂತು ಪಕ್ಕದ ಮನೆಯ ಮುದುಕಿಯ ಜೊತೆ ದಿನವೂ ಹರಟುವುದು ಅವಳಿಗೆ ಊಟಕ್ಕಿಂತ ಹೆಚ್ಚು.

"ಮಾತಾಡ್ತಾರೆ ಅತ್ತೆ. ನಮಗೆ ಅರ್ಥ ಆಗಲ್ಲ ಅಷ್ಟೇ."

"ಇಲ್ಲಿ ಪಕ್ಕದ ಮನೆಯವಳು ಹೇಳೋದೂ ನಂಗೆ ಅರ್ಧ ಕೇಳಿಸಲ್ಲ. ಸುಮ್ನೆ ತಲೆ ಆಡಿಸ್ತೀನಿ," ಎಂದಳು ಅತ್ತೆ. ಆದರೆ ಸಾಮಾನು ಕಟ್ಟುವ ದಿನ ಗೋಡೆಯ ಹತ್ತಿರ ನಿಂತು ಎರಡು ಮುದುಕಿಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಂದು ಮಾತೂ ಆಡದೆ ಇದ್ದದ್ದನ್ನು ಬ್ರೇಕಕ್ಕ ಅಡುಗೆಮನೆಯ ಕಿಟಕಿಯಿಂದ ಕಂಡಳು. ಕಂಡೂ ಕಾಣದವಳಂತೆ ಪಾತ್ರೆಗಳಿಗೆ ಹಳೆಯ ಬಟ್ಟೆ ಸುತ್ತಿದಳು.

ಹೊಸ ಊರಿನಲ್ಲಿ ಮೊದಲ ತಿಂಗಳುಗಳು ಅವಳು ಅಂದುಕೊಂಡಿದ್ದಕ್ಕಿಂತ ಭಾರವಾದವು. ನೆಲಮಟ್ಟದ ಮನೆಯನ್ನೇ ಹಿಡಿದಿದ್ದರು. ಅತ್ತೆ, ಮಗಳು ಒಂದೇ ಕೋಣೆಯಲ್ಲಿ ಮಲಗಬೇಕಾಯಿತು. ಮಗಳು ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಕಾರು ಬಾಗಿಲ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಹೊಸ ನಂಬರು ಬಂತು, ಹಳದಿ ಬೋರ್ಡು ಹಾಕಲು ಮಾತ್ರ ಹಕ್ಕಿಲ್ಲ. ಬ್ರೇಕಕ್ಕ ಕೈಕಟ್ಟಿ ಕೂರಲಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿ, ಮನೆ ಮಾಲೀಕರ ಸೊಸೆಯ ಹತ್ತಿರ ಕೂತು ಮಾತು ಕಲಿತಳು. ಅವಳು ಹೂವು, ಹಣ್ಣು, ಬಣ್ಣ ಎಂದು ಶುರು ಮಾಡಿದರೆ ಇವಳು ತಡೆದು, ಕೈಸನ್ನೆ ಮಾಡಿ, "ಅವು ಆಮೇಲೆ. ನಿಧಾನ ಅನ್ನೋಕೆ ಏನಂತೀರಿ? ಬಲಗಡೆ ಅನ್ನೋಕೆ? ಕಾಲು ತೆಗೀರಿ ಅನ್ನೋಕೆ?" ಎಂದು ಕೇಳುತ್ತಿದ್ದಳು. ಹೆದರಬೇಡಿ ಎನ್ನುವ ಮಾತಿಗೆ ಅಲ್ಲಿ ಎರಡು ಪದಗಳಿದ್ದವು. ಒಂದು ಪೊಲೀಸಿನವರು ಹೇಳುವಂಥದ್ದು, ಇನ್ನೊಂದು ತಾಯಂದಿರು ಹೇಳುವಂಥದ್ದು. ಎರಡನೆಯದನ್ನು ಬಾಯಿಪಾಠ ಮಾಡಿದಳು.

ಪರವಾನಗಿಯ ಪರೀಕ್ಷೆಯ ದಿನ ಬಂತು. ಕಾಗದದ ಪರೀಕ್ಷೆ ಹೇಗೋ ದಾಟಿದಳು. ಕಾರು ನಡೆಸುವುದೆಂದರೆ ಅವಳಿಗೆ ಉಸಿರಾಡಿದ ಹಾಗೆ. ಅದರ ಬಗ್ಗೆ ಚಿಂತೆಯೇ ಇರಲಿಲ್ಲ. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು; ನರೆತ ಮೀಸೆಯ, ಹೆಚ್ಚು ಮಾತಾಡದ ಮನುಷ್ಯ. ಅವಳು ಸ್ಟಿಯರಿಂಗ್ ಹಿಡಿದು ಹೊರಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು ತಮ್ಮ ಬೂಟಿನ ಕಡೆ ನೋಡಿಕೊಂಡರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ನೋಡಿಕೊಂಡರು. ತಿರುವಿನಲ್ಲಿ ಅವಳು ಬೇಕಿಲ್ಲದೆ ನಿಲ್ಲಿಸಿದಳು. ಸೈಕಲ್ಲಿನವನೊಬ್ಬ ದೂರದಲ್ಲಿ ಕಂಡದ್ದಕ್ಕೇ ಕಾರು ನಿಂತಿತು. ಹಿಂದಕ್ಕೆ ತೆಗೆಯುವಾಗ ಗುರುತಿನ ಕಂಬಕ್ಕೆ ತಗುಲಿತು.

ಇಳಿದ ಮೇಲೆ ಅವರು ನಿಧಾನವಾಗಿ, ಅವಳಿಗೆ ತಿಳಿಯುವ ಹಾಗೆ ಹೇಳಿದರು: "ನನ್ನ ಕಾಲಲ್ಲಿ ಏನಿದೆ ಅಂತ ಅಷ್ಟು ಸಲ ನೋಡಿದಿರಿ? ನೀವು ಗಾಡಿ ಓಡಿಸ್ತಿಲ್ಲ, ಗಾಡಿ ಕಾಯ್ತಿದ್ದೀರಿ. ಮತ್ತೆ ಬನ್ನಿ."

ನಪಾಸು. ಹದಿನೈದು ವರ್ಷ ಕಾರು ಕಲಿಸಿದವಳು ಕಾರಿನ ಪರೀಕ್ಷೆಯಲ್ಲಿ ನಪಾಸು. ಅಲ್ಲಿದ್ದ ಹದಿಹರೆಯದವರೆಲ್ಲ ಪಾಸಾಗಿ ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಮನೆಗೆ ಬಂದು ಮುಸುರೆ ಪಾತ್ರೆಗಳನ್ನು ತಿಕ್ಕುತ್ತಾ, ತಮ್ಮ ಹೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಅತ್ತಳು. ಮಗಳು ನೀರು ಕುಡಿಯಲು ಬಂದವಳು ನೋಡಿದಳು.

"ಏನಾಯ್ತಮ್ಮಾ?"

"ನಪಾಸಾದೆ."

"ಯಾವುದರಲ್ಲಿ?"

"ಕಾರು ಓಡಿಸೋದರಲ್ಲಿ."

ಮಗಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೂ ಉಕ್ಕಿ ಬಂತು. ಬ್ರೇಕಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತನಗೂ ನಗು ಬಂತು. ಊರು ಬಿಟ್ಟ ಮೇಲೆ ತಾಯಿ ಮಗಳು ಒಟ್ಟಿಗೆ ನಕ್ಕದ್ದು ಅದೇ ಮೊದಲು. "ನಾನೂ ಆ ಭಾಷೆಯಲ್ಲಿ ನಪಾಸು. ಹೇಳಿರ್ಲಿಲ್ಲ," ಎಂದಳು ಮಗಳು. ಆ ಸಂಜೆ ಇಬ್ಬರೂ ಒಂದೇ ಕಾಗದದ ಮೇಲೆ ಅಕ್ಷರ ತಿದ್ದಿದರು.

ಇನ್ಸ್‌ಪೆಕ್ಟರು ಹೇಳಿದ್ದು ಸರಿ ಎಂದು ಬ್ರೇಕಕ್ಕನಿಗೆ ಆ ವಾರದಲ್ಲೇ ಅರಿವಾಯಿತು. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾಲು ನೋಡಿ ನೋಡಿ, ತಾನು ಓಡಿಸುವುದನ್ನೇ ಮರೆತಿದ್ದಳು. ಹಲ್ಲು ಕಚ್ಚಿ ಶುರು ಮಾಡಿದಳು. ಬೆಳಿಗ್ಗೆ ಗಂಡನನ್ನು ಗಿರಣಿಗೆ ಬಿಡುವುದು, ಮಗಳನ್ನು ಶಾಲೆಗೆ ಬಿಡುವುದು, ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತುವುದು. ಅತ್ತೆಗೆ ಅದರಷ್ಟು ಖುಷಿ ಇನ್ನೊಂದಿರಲಿಲ್ಲ. ಪಕ್ಕದಲ್ಲಿ ಕೂತು ಗದರಿಸುತ್ತಿದ್ದಳು: "ನನ್ನ ಕಾಲು ಯಾಕೆ ನೋಡ್ತೀಯೇ? ರಸ್ತೆ ನೋಡು. ಗೆಜ್ಜೆ ಹಾಕ್ಕೊಂಡಿದ್ದೀನಾ ನಾನು?"

ಹೀಗೊಂದು ದಿನ ಮಾರುಕಟ್ಟೆಯ ಬೀದಿಯಲ್ಲಿ ಹೋಗುತ್ತಿದ್ದಾಗ ನಾಯಿಯೊಂದು ಅಡ್ಡ ಬಂತು. ಬ್ರೇಕಕ್ಕ ಬಳಸಿಕೊಂಡು ಹೋಗುವುದರಲ್ಲಿದ್ದಳು. ಅತ್ತೆ ಮಾತ್ರ ಗಾಬರಿಯಿಂದ ಕಾಲು ಚಾಚಿ, ಅಲ್ಲೇ ಇದ್ದ ಎರಡನೆಯ ಬ್ರೇಕನ್ನು ಮಂಡಿ ನೋವೆಲ್ಲ ಮರೆತು ಅದುಮಿಬಿಟ್ಟಳು. ಕಾರು ಗಕ್ಕನೆ ನಿಂತಿತು. ಹಿಂದಿನ ಗಾಡಿ ಕೀರಲು ಸದ್ದು ಮಾಡಿ ನಿಂತಿತು. ಅದರೊಳಗೆ ಏನೋ ದಡದಡ ಬಿದ್ದ ಶಬ್ದ.

ಅದು ಬೇಕರಿಯ ವ್ಯಾನು. ಡ್ರೈವರು ಕಿಟಕಿಯಿಂದ ತಲೆ ಹಾಕಿ ಕೂಗಾಡತೊಡಗಿದ. ಅವನ ಪಕ್ಕದಲ್ಲಿದ್ದ ದಪ್ಪ ಹೆಂಗಸು, ಬೇಕರಿಯ ಒಡತಿ, ಸೊಂಟಕ್ಕೆ ಕೈಯಿಟ್ಟುಕೊಂಡು ಜಗಳಕ್ಕೆಂದೇ ಇಳಿದು ಬಂದಳು. ವ್ಯಾನಿನೊಳಗೆ ಬನ್ನುಗಳ ತಟ್ಟೆಗಳೆಲ್ಲ ಮಗುಚಿದ್ದವು. ಕಾರಿನ ಕಿಟಕಿಗೆ ಬಗ್ಗಿ ಬಾಯಿ ತೆರೆದವಳ ಕಣ್ಣಿಗೆ ಬಿದ್ದದ್ದು ಸ್ಟಿಯರಿಂಗ್ ಇಲ್ಲದ ಕಡೆ ಕೂತು, ಎರಡೂ ಪಾದಗಳಿಂದ ಬ್ರೇಕ್ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದ ಮುದುಕಿ. ಬೈಗುಳ ಅರ್ಧಕ್ಕೆ ನಿಂತಿತು.

"ಇದೇನು, ಎರಡು ಬ್ರೇಕು?"

ಬ್ರೇಕಕ್ಕ ತನಗೆ ಬಂದಷ್ಟು ಮಾತಿನಲ್ಲಿ, ತಪ್ಪುತಪ್ಪಾಗಿ, ಕಾರು ಕಲಿಸುವುದು ತನ್ನ ಕೆಲಸವೆಂದೂ, ಇನ್ನೂ ಅಪ್ಪಣೆ ಸಿಕ್ಕಿಲ್ಲವೆಂದೂ, ಹಾಳಾದ ಬನ್ನುಗಳಿಗೆ ತಾನು ದುಡ್ಡು ಕೊಡುತ್ತೇನೆಂದೂ ಹೇಳಿದಳು. ಅತ್ತೆ ಕಣ್ಣು ತೆರೆದು, ಯಾರಿಗೂ ತಿಳಿಯದ ತನ್ನ ಮಾತಿನಲ್ಲಿ ಸೊಸೆಯನ್ನು ಹೊಗಳತೊಡಗಿದಳು: ಇವಳು ಕಲಿಸಿದವರು ಇಷ್ಟು ಜನ ಎಂದು ಬೆರಳು ಮಡಚಿ, ಸಾಲದೆ ಆಕಾಶಕ್ಕೆ ಕೈ ತೋರಿಸಿದಳು. ಒಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಿಂದೆ ತಿರುಗಿ, ಇನ್ನೂ ಕೂಗಾಡುತ್ತಿದ್ದ ತನ್ನ ಡ್ರೈವರನ್ನು ಒಮ್ಮೆ ನೋಡಿದಳು. ಅವನು ವಾರಕ್ಕೆರಡು ದಿನ ಬರುತ್ತಲೇ ಇರಲಿಲ್ಲ; ಬಾರದ ದಿನ ಬ್ರೆಡ್ಡು ಅಂಗಡಿಯಲ್ಲೇ ಉಳಿಯುತ್ತಿತ್ತು.

"ಅಪ್ಪಣೆ ಯಾವಾಗ ಸಿಗುತ್ತೆ?" ಎಂದು ಕೇಳಿದಳು. "ನಂಗೆ ವ್ಯಾನು ಕಲೀಬೇಕು. ಗಂಡಸರ ಹತ್ತಿರ ಎರಡು ಸಲ ಹೋಗಿ ಬಿಟ್ಟೆ. ಬೈತಾರೆ."

ಎರಡನೆಯ ಪರೀಕ್ಷೆಯಲ್ಲಿ ಬ್ರೇಕಕ್ಕ ಇನ್ಸ್‌ಪೆಕ್ಟರ ಬೂಟಿನ ಕಡೆ ತಿರುಗಿಯೂ ನೋಡಲಿಲ್ಲ. ಪಾಸಾದಳು. ಅವರು ಕಾಗದಕ್ಕೆ ಸಹಿ ಹಾಕಿದರು. ಅವಳು ಕೈಮುಗಿದು ಬಂದಳು.

ಬೇಕರಿಯವಳೇ ಮೊದಲ ಶಿಷ್ಯೆ. ಜೋರು ಬಾಯಿಯವಳು, ಆದರೆ ಸ್ಟಿಯರಿಂಗ್ ಹಿಡಿದರೆ ಉಸಿರೇ ಬಿಡುತ್ತಿರಲಿಲ್ಲ. ಬ್ರೇಕಕ್ಕ ಎಡ ಎನ್ನುವ ಕಡೆ ಬಲ ಎಂದು, ಬಲ ಎನ್ನುವ ಕಡೆ ನಿನ್ನೆ ಎಂದು, ಏನೇನೋ ಹೇಳಿ ಪೇಚಿಗೆ ಬೀಳುತ್ತಿದ್ದಳು. ಶಿಷ್ಯೆ ಗುರುವಿನ ಮಾತು ತಿದ್ದುತ್ತಿದ್ದಳು, ಗುರು ಶಿಷ್ಯೆಯ ಕಾಲು ತಿದ್ದುತ್ತಿದ್ದಳು. ಆದರೂ ಕೆಲಸ ನಡೆಯಿತು. ಬೇಕರಿಯವಳು ಮೊದಲ ಬಾರಿ ಒಬ್ಬಳೇ ವ್ಯಾನು ತೆಗೆದುಕೊಂಡು ಹೋದ ಬೆಳಿಗ್ಗೆ ಇಡೀ ಬೀದಿಗೆ ಹಾರನ್ ಹೊಡೆದು ಸಾರಿದಳು. ಆಮೇಲೆ ಅವಳ ಅಂಗಡಿಗೆ ಬ್ರೆಡ್ಡು ಕೊಳ್ಳಲು ಬಂದ ಹೆಂಗಸರೆಲ್ಲ ವ್ಯಾನಿನ ಕಥೆ ಕೇಳದೆ ಹಿಂದಿರುಗುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ಬಂದರು.

ಹಳೆಯ ಊರಿನಷ್ಟು ಕೆಲಸ ಇನ್ನೂ ಇಲ್ಲ. ಬೇಸಿಗೆಯಲ್ಲಿ ನೀರು ಇನ್ನೂ ಉಪ್ಪಾಗುತ್ತದೆ. ತಲೆಕೂದಲು ಉದುರುತ್ತದೆ ಎಂದು ಅತ್ತೆ ದಿನವೂ ಗೊಣಗುತ್ತಾಳೆ. ಮೇಸ್ತ್ರಿ ಈಗ ಮೂವತ್ತು ಜನರ ಮೇಲ್ವಿಚಾರಕ. ಎಣ್ಣೆ ಅಂಗಿಯನ್ನು ಕುರ್ಚಿಯ ಮೇಲೆ ಎಸೆಯುತ್ತಾನೆ, ಅದಕ್ಕೆ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ, ತಿರುಗಿ ಬೈಯುವುದನ್ನೂ ಕಲಿತಿದ್ದಾನೆ.

ಮಗಳು ಹತ್ತನೆಯ ತರಗತಿ ಮುಗಿಸಿದಳು, ಆ ಭಾಷೆಯಲ್ಲೂ ಪಾಸಾದಳು. ಫಲಿತಾಂಶ ಬಂದ ವಾರ ತಾಯಿಯ ಎದುರು ಬಂದು ನಿಂತಳು. ಹಳೆಯ ಊರಿನ ಕ್ರೀಡಾ ವಸತಿ ಕಾಲೇಜಿನಲ್ಲಿ ವಾಲಿಬಾಲಿಗೆ ಸೀಟು ಸಿಗುತ್ತದೆ, ತಾನು ಅಲ್ಲಿಗೆ ಹೋಗಬೇಕು. ಹಾಸ್ಟೆಲ್ಲು ಹೇಗಿದೆ, ಊಟ ಹೇಗಿದೆ, ಬಿದ್ದು ಕೈ ಮುರಿದುಕೊಂಡರೆ ಓದು ಏನಾಗುತ್ತದೆ, ಎಲ್ಲವನ್ನೂ ಅವಳೇ ವಿಚಾರಿಸಿಕೊಂಡು ಬಂದಿದ್ದಳು. ಕೆಟ್ಟದ್ದನ್ನೇ ಮೊದಲು ಹೇಳಿದಳು.

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. "ಎರಡು ಮನೆ ಬೇಡ ಅಂದವಳು ನೀನು."

"ನಮ್ಮಿಬ್ಬರಿಗೆ ಅಂದಿದ್ದೆ. ಅವಳ ಕಾಲು ಅವಳದು," ಎಂದಳು ಬ್ರೇಕಕ್ಕ. ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮಗಳಿಗೆ ಹೊಸ ಬೂಟು ಕೊಡಿಸಿಕೊಂಡು ಬಂದಳು.

ಕಳಿಸಲು ಸ್ಟೇಷನ್ನಿಗೆ ಎಲ್ಲರೂ ಹೋದರು. ಅತ್ತೆ ಮೊಮ್ಮಗಳ ಕೈಗೆ ಬನ್ನಿನ ಪೊಟ್ಟಣ ತುರುಕಿದಳು. ಮೇಸ್ತ್ರಿ ಚೀಲದ ಜಿಪ್ಪನ್ನು ಎಳೆದು ನೋಡಿದ, ಹಾಕಿದ, ಮತ್ತೆ ಎಳೆದು ನೋಡಿದ. ರೈಲು ಹೊರಟಾಗ ಮಗಳು ಬಾಗಿಲಲ್ಲಿ ನಿಂತು ಕೈ ಬೀಸಿದಳು, ಮುಖದಲ್ಲಿ ಅಳುವಿರಲಿಲ್ಲ. ಬ್ರೇಕಕ್ಕ ಕೊನೆಯ ಡಬ್ಬಿ ಮರೆಯಾಗುವವರೆಗೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತೊಂದಿನ ಪಾಠ ಬಿಡು," ಎಂದ ಮೇಸ್ತ್ರಿ.

"ಆಸ್ಪತ್ರೆ ನರ್ಸು ಕಾಯ್ತಿರ್ತಾಳೆ. ಅವಳಿಗೆ ಅರ್ಧ ದಿನ ರಜ ಸಿಗೋದೇ ಇವತ್ತು."

ಅವರಿಬ್ಬರನ್ನು ಮನೆಗೆ ಬಿಟ್ಟು, ಆಸ್ಪತ್ರೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಪಕ್ಕದ ಸೀಟಿಗೆ ಸರಿದಳು. ನರ್ಸು ಬಂದು ಕೂತಳು, ಇವಳ ಕೆಂಪಗಾದ ಕಣ್ಣು ನೋಡಿ ಏನೋ ಕೇಳಲು ಹೊರಟಳು.

"ಇವತ್ತು ಮೇಲ್ಸೇತುವೆ ಹತ್ತೋಣ," ಎಂದಳು ಬ್ರೇಕಕ್ಕ, ಅಲ್ಲಿಯ ಮಾತಿನಲ್ಲಿ, ಒಂದೂ ತಪ್ಪಿಲ್ಲದೆ.

ನರ್ಸು ಬೇಡವೆಂದು ಜೋರಾಗಿ ತಲೆಯಾಡಿಸಿದಳು. ಬ್ರೇಕಕ್ಕ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡು ಮುಂದೆ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕಾರು ಹೊರಟಿತು.